ಕಥೆಗೆ ಹೂಂ ಅನ್ನುವವರು ಬೇಕು

ಜಿಲ್ಲಾ ವರದಿಗಾರರ ಮೇಜಿಗೆ ಆಗಾಗ ಒಂದು ಬಗೆಯ ಸುದ್ದಿ ಬರುತ್ತದೆ. ‘ಜಾನಪದ ಕಲಾವಿದ ನಿಧನ’. ನಾಲ್ಕೈದು ಸಾಲು ಇರುತ್ತದೆ. ವಯಸ್ಸು, ಊರು, ಬಂದ ಪ್ರಶಸ್ತಿ, ಮಕ್ಕಳೆಷ್ಟು, ಅಂತ್ಯಕ್ರಿಯೆ ಎಷ್ಟು ಗಂಟೆಗೆ. ಅವರು ಏನು ಹಾಡುತ್ತಿದ್ದರು, ಯಾರಿಂದ ಕಲಿತಿದ್ದರು, ಇನ್ನು ಮುಂದೆ ಅದನ್ನು ಹಾಡುವವರು ಯಾರು, ಇದ್ಯಾವುದೂ ಇರುವುದಿಲ್ಲ. ಊರಿಗೆ ಫೋನ್ ಮಾಡಿ ಕೇಳಿದರೆ ‘ಭಾಳ ಚೆನ್ನಾಗಿ ಹಾಡ್ತಿದ್ರು ಮೇಡಂ’ ಅಂತಾರೆ. ಅಲ್ಲಿಗೆ ಮುಗಿಯಿತು. ಇಂಥ ಸುದ್ದಿಗಳನ್ನು ತಿದ್ದಿ ತಿದ್ದಿಯೇ ನನಗೆ, ಕಥೆ ಕಾವ್ಯ ಹಾಡುವವರನ್ನು ಹುಡುಕಿ ಹೋಗಿ ಕೇಳಿ ಬರೆಯುವ ಈ ಕೆಲಸದ ಹುಚ್ಚು ಹಿಡಿದದ್ದು. ಬದುಕಿದ್ದಾಗಲೇ ಹೋಗಿ ಕೇಳಬೇಕು ಅನ್ನಿಸಿತು. ದಿನಪತ್ರಿಕೆಯ ವರದಿಗಾರಿಕೆ, ಆಮೇಲೆ ವಾರದ ಪುರವಣಿ, ಈಗ ಸ್ವತಂತ್ರವಾಗಿ ಬರೆಯುವುದು. ಕೆಲಸದ ಜಾಗ ಬದಲಾಯಿತು, ಹುಚ್ಚು ಬದಲಾಗಲಿಲ್ಲ.

2014ರ ಆಗಸ್ಟ್‌ನಲ್ಲಿ ದರೋಜಿ ಈರಮ್ಮ ತೀರಿಕೊಂಡರು. ಸಂಡೂರು ತಾಲೂಕಿನ ಈ ಬುರ್ರಕಥೆ ಗಾಯಕಿಗೆ ಓದು ಬರಹ ಇರಲಿಲ್ಲ. ಆದರೆ 12 ಕಾವ್ಯ, ಎಲ್ಲ ಸೇರಿ ಸುಮಾರು 2 ಲಕ್ಷ ಪದ ಅವರ ಬಾಯಲ್ಲಿತ್ತು. ಅವರು ಹಾಡಿದ್ದರಲ್ಲಿ ಒಂದಷ್ಟು ಪುಸ್ತಕವಾಗಿದೆ, ನಾಡೋಜ ಗೌರವವೂ ಬಂತು. ಹಾಲಕ್ಕಿ ಒಕ್ಕಲಿಗರ ಹಾಡುಗಳ ಕಣಜವಾಗಿದ್ದ ಅಂಕೋಲದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಸಿಕ್ಕಿತು. 2025ರ ಫೆಬ್ರುವರಿಯಲ್ಲಿ ಅವರೂ ಹೋದರು. ಇವರಿಬ್ಬರ ಹೆಸರು ನಾಡಿಗೆ ಗೊತ್ತಿತ್ತು. ಹೆಸರು ಗೊತ್ತಿಲ್ಲದವರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ನನ್ನ ಓಡಾಟ ಜಾಸ್ತಿ ಅವರ ಕಡೆಗೆ.

ನನಗಿಂತ ಮುಂಚೆ ಈ ದಾರಿಯಲ್ಲಿ ನಡೆದವರ ಋಣ ದೊಡ್ಡದು. ಜೀ.ಶಂ. ಪರಮಶಿವಯ್ಯ, ಪಿ.ಕೆ. ರಾಜಶೇಖರ ಮುಂತಾದವರು ಹಳ್ಳಿ ಹಳ್ಳಿ ಸುತ್ತಿ ಮಲೆ ಮಹದೇಶ್ವರ, ಜುಂಜಪ್ಪ ಮುಂತಾದ ಕಾವ್ಯಗಳನ್ನು ಬರೆದುಕೊಂಡರು. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, 1994ರಲ್ಲಿ ರಾಮನಗರದ ಹತ್ತಿರ ಜಾನಪದ ಲೋಕ ತೆರೆದರು. ವಿದ್ವಾಂಸರು ಪಠ್ಯ ಉಳಿಸಿಕೊಟ್ಟಿದ್ದಾರೆ. ಹಾಗಿದ್ದ ಮೇಲೆ ಪತ್ರಕರ್ತೆಗೆ ಇಲ್ಲೇನು ಕೆಲಸ ಅಂತ ನನ್ನನ್ನು ಕೇಳಿದವರಿದ್ದಾರೆ. ಉತ್ತರಕ್ಕೆ ನಾನು ಯಾವಾಗಲೂ ತುಳುನಾಡಿನ ಒಂದು ಉದಾಹರಣೆ ಕೊಡುತ್ತೇನೆ.

ಬೆಳ್ತಂಗಡಿ ಕಡೆಯ ಮಾಚಾರಿನ ಗೋಪಾಲ ನಾಯ್ಕರು ಸಿರಿಯ ಪಾಡ್ದನ, ಅಂದರೆ ತುಳುವಿನ ಕಥನಗೀತೆ, ಹಾಡುತ್ತಿದ್ದವರು. 1990ರ ಡಿಸೆಂಬರ್‌ನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ, ನಮ್ಮ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರು ಸೇರಿ ಅವರ ಬಾಯಿಂದ ಇಡೀ ಸಿರಿ ಕಾವ್ಯ ರೆಕಾರ್ಡ್ ಮಾಡಿದರು. ಆರು ದಿನ ಹಿಡಿಯಿತು. ಬರೆದು ನೋಡಿದರೆ 15,683 ಸಾಲು. ಗ್ರೀಕರ ಇಲಿಯಡ್ 15,693 ಸಾಲು. ಹತ್ತೇ ಸಾಲಿನ ಅಂತರ! ಇದು ಹಲವರಿಗೆ ಗೊತ್ತು. ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಸಂಗತಿ. ಅದೇ ಗೋಪಾಲ ನಾಯ್ಕರು ತುಳುನಾಡಿನ ವೀರರಾದ ಕೋಟಿ ಚೆನ್ನಯರ ಕಥೆಯನ್ನು ರೇಡಿಯೊಗೆ ಅಂತ 20 ನಿಮಿಷದಲ್ಲಿ ಹಾಡಿಕೊಟ್ಟಿದ್ದರು. ಪೂರ್ತಿ ಹಾಡಿ ಅಂತ ಕೂತು ಕೇಳಿದಾಗ ಅದು 15 ಗಂಟೆ ಹೋಯಿತು. ಕಥೆ ಒಂದೇ, ಬಾಯಿ ಒಂದೇ. ಬದಲಾದದ್ದು ಕೇಳುವ ಕಿವಿ.

ನಾನು ಹಿಡಿದದ್ದು ಈ ಎಳೆಯನ್ನೇ. ಕಥೆ ಇರುವುದು ಹೇಳುವವರ ತಲೆಯೊಳಗೆ ಮಾತ್ರ ಅಲ್ಲ, ಹೇಳುವವರು ಮತ್ತು ಕೇಳುವವರ ನಡುವೆ. ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಡದಿದ್ದರೆ ಕಥೆ ನಿಂತುಹೋಗುತ್ತಿತ್ತು, ನೆನಪಿದೆ ಅಲ್ವಾ? ಕಾವ್ಯ ಹಾಡುವವರಿಗೂ ಅಷ್ಟೇ. ಹಾಗಾಗಿ ಕಥೆ ಬರೆದುಕೊಂಡರೆ ನನ್ನ ಕೆಲಸ ಅರ್ಧ ಮಾತ್ರ ಆಯಿತು. ಯಾರು ಕೇಳಿದರು, ಎಲ್ಲಿ ನಕ್ಕರು, ಎಲ್ಲಿ ತಡೆದರು, ಅದೂ ಬೇಕು. ವರದಿಗಾರಿಕೆ ನನಗೆ ಕಲಿಸಿಕೊಟ್ಟದ್ದೂ ಇದನ್ನೇ. ಸಭೆಗೆ ಹೋದರೆ ವೇದಿಕೆಯ ಭಾಷಣ ಮಾತ್ರ ಬರೆದುಕೊಂಡು ಬರುವುದಿಲ್ಲ, ಜನರ ಕಡೆಗೂ ತಿರುಗಿ ನೋಡುತ್ತೇವೆ.

ಒಂದು ಸಂಜೆಯದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಚಾಮರಾಜನಗರ ಜಿಲ್ಲೆಯ ಒಂದು ಹಳ್ಳಿ. ಕಂಸಾಳೆ ಅನ್ನುವ ಕಂಚಿನ ತಾಳ ಹಿಡಿದು ಹಾಡುವ ಹಿರಿಯರೊಬ್ಬರು ಮಾದಪ್ಪನ (ಮಲೆ ಮಹದೇಶ್ವರನ) ಕಥೆಯಲ್ಲಿ ಸಂಕಮ್ಮನ ಸಾಲು, ಅಂದರೆ ಆ ಕಥಾಭಾಗ, ಹಾಡಲು ಒಪ್ಪಿದ್ದರು. ರೆಕಾರ್ಡಿಂಗ್ ಚೆನ್ನಾಗಿ ಬರಲಿ ಅಂತ ಒಳಕೋಣೆಯಲ್ಲಿ ಕೂರಬಹುದಿತ್ತು. ನಾನು ಜಗಲಿಯನ್ನೇ ಆರಿಸಿಕೊಂಡೆ. ಸೊಲ್ಲು ಹಿಡಿಯಲು, ಅಂದರೆ ಹಿಮ್ಮೇಳಕ್ಕೆ, ಇಬ್ಬರು ಬಂದರು. ಕೂಲಿ ಮುಗಿಸಿ ಬಂದ ಹೆಂಗಸರು ಒಬ್ಬೊಬ್ಬರಾಗಿ ಗೋಡೆಗೆ ಒರಗಿ ಕೂತರು.

ಸಂಕಮ್ಮನ ಕಥೆ ಆ ಸೀಮೆಯವರಿಗೆಲ್ಲ ಗೊತ್ತು. ಗಂಡ ನೀಲೇಗೌಡ ಜೇನಿಗೆ ಅಂತ ಕಾಡಿಗೆ ಹೊರಡುತ್ತಾನೆ. ಹೋಗುವ ಮುಂಚೆ ಹೆಂಡತಿಯ ಶೀಲದ ಮೇಲೆ ಅನುಮಾನ. ಬಲಗೈ ಭಾಷೆ, ಅಂದರೆ ಆಣೆ, ಕೊಡು ಅಂತಾನೆ. ಅವಳು ಕೊಡುವುದಿಲ್ಲ. ಅಲ್ಲಿಂದ ಅವಳ ಮೇಲೆ ಹಿಂಸೆ ಶುರುವಾಗುತ್ತದೆ. ಕೊನೆಗೆ ಮಾದಪ್ಪ ಬಂದು ಕಾಯುತ್ತಾನೆ, ಕಾರಯ್ಯ ಬಿಲ್ಲಯ್ಯ ಅನ್ನುವ ಇಬ್ಬರು ಮಕ್ಕಳ ಫಲ ಕೊಡುತ್ತಾನೆ.

ಭಾಷೆ ಕೇಳುವ ಜಾಗಕ್ಕೆ ಬಂದಾಗ ಗೋಡೆ ಬದಿಯಿಂದ ಒಬ್ಬ ಅಜ್ಜಿ ಜೋರಾಗಿ ಹೇಳಿಬಿಟ್ಟರು: ‘ಯಾಕವ್ವ ಕೊಟ್ಟಾಳು ಬಾಸೆಯ? ಅವಳೇನು ತಪ್ಪು ಮಾಡಿದ್ಲು?’ ಹಾಡುತ್ತಿದ್ದವರು ನಿಲ್ಲಿಸಲಿಲ್ಲ. ಕಂಸಾಳೆಯ ತಾಳ ತಗ್ಗಿಸಿ, ಆ ಅಜ್ಜಿಯ ಕಡೆಗೆ ಮೈ ತಿರುಗಿಸಿ, ಸಂಕಮ್ಮ ಗಂಡನಿಗೆ ಕೊಡುವ ಉತ್ತರವನ್ನು ಮತ್ತೆ ಹಿಡಿದರು. ಈ ಸಲ ಉತ್ತರ ಮೊದಲಿನದ್ದಕ್ಕಿಂತ ಎಷ್ಟೋ ಉದ್ದ. ಹೆತ್ತವರನ್ನು ನೆನೆದಳು, ಒಲೆಯನ್ನು ನೆನೆದಳು, ಕೈಹಿಡಿದ ದಿನವನ್ನು ನೆನೆದಳು. ಸೊಲ್ಲಿನವರಿಗೂ ಹುರುಪು ಬಂತು. ಅಜ್ಜಿ ‘ಹಾಂ, ಹಂಗೇಳು’ ಅಂದ ಮೇಲೆಯೇ ಕಥೆ ಮುಂದಕ್ಕೆ ಹೋಯಿತು.

ಮಾರನೆಯ ದಿನ ನಾನು ಹಾಡಿದವರನ್ನು ಕೇಳಿದೆ: ‘ತಾತ, ಅಷ್ಟು ದೊಡ್ಡ ಉತ್ತರ ನಿಮ್ಮ ಗುರುಗಳು ಹೇಳಿಕೊಟ್ಟದ್ದಾ?’ ಅವರು ತಲೆ ಆಡಿಸಿದರು. ‘ದಾರಿ ಗುರು ಕೊಟ್ಟದ್ದು ಕನವ್ವ. ಎಷ್ಟೊತ್ತು ನಿಂತ್ಕಬೇಕು ಅನ್ನಾದ ಕೇಳಾ ಜನ ಹೇಳ್ತರ.’

ಈ ಮಾತನ್ನು ನಾನು ಲೇಖನದಲ್ಲಿ ಹಾಗೇ ಹಾಕಿದೆ, ಅಜ್ಜಿಯ ಮಾತನ್ನೂ ಹಾಕಿದೆ. ಕಾವ್ಯದ ಅಚ್ಚಾದ ಪಠ್ಯದಲ್ಲಿ ಇಂಥ ಅಜ್ಜಿಯರಿಗೆ ಜಾಗ ಇರುವುದಿಲ್ಲ. ಪತ್ರಿಕೆಯಲ್ಲಿ ಇದೆ. ನನ್ನ ಕಸುಬಿಗೆ ಇಲ್ಲಿ ಕೆಲಸ ಇದೆ ಅಂತ ನಾನು ಹೇಳುವುದು ಇದಕ್ಕೇ.

ಆಗಿನಿಂದ ರೆಕಾರ್ಡಿಂಗ್‌ಗೆ ಎರಡು ಮೈಕ್ ಒಯ್ಯುತ್ತೇನೆ. ಒಂದು ಹಾಡುವವರ ಕಡೆ, ಇನ್ನೊಂದು ಕೇಳುವವರ ಕಡೆ. ಎರಡನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಇಡುತ್ತೇನೆ. ಕೆಮ್ಮು, ನಗು, ಮಗು ಅಳುವುದು, ‘ಅದನ್ನ ಬಿಟ್ಯಲ್ಲಪ್ಪ’ ಅಂತ ಯಾರೋ ತಿದ್ದುವುದು, ಎಲ್ಲ ಸಿಗುತ್ತದೆ. ಸ್ಟುಡಿಯೊ ಧ್ವನಿಯೇ ಬೇಕು ಅನ್ನುವವರಿಗೆ ಮೊದಲನೆಯ ಟ್ರ್ಯಾಕ್ ಮಾತ್ರ ಕೊಡಬಹುದು. ನನಗೆ ಎರಡನೆಯದೇ ಹೆಚ್ಚು ಬೆಲೆಯದು.

ಹಳೆ ಮೈಸೂರು ಸೀಮೆಯ ಸಂತ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ಜೊತೆ ಇದು ಇನ್ನೂ ಸ್ಪಷ್ಟವಾಗುತ್ತದೆ. ತಂಬೂರಿ, ಗಗ್ಗರ, ಡಕ್ಕೆ, ತಾಳ ಇಟ್ಟುಕೊಂಡು ರಾತ್ರಿಯಿಡೀ ಹಾಡುವವರು ಇವರು. ಒಬ್ಬರೇ ಕೂತು ಹಾಡಿ ಅಂದರೆ ಆಗುವುದಿಲ್ಲ. ಮುಂದಿನ ಸಾಲು ಹೊಳೆಯುವುದು ಹಿಮ್ಮೇಳ ಸೊಲ್ಲು ಎಳೆಯುವ ಆ ಬಿಡುವಿನಲ್ಲಿ. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಗುರುವಿನ ಅಪ್ಪಣೆಯಂತೆ ಹಲಗೂರಿನ ಪಾಂಚಾಳರ (ಕಮ್ಮಾರರ) ಹತ್ತಿರ ಕಬ್ಬಿಣ ಬೇಡಲು ಹೋಗುವ ಭಾಗ ಇದೆಯಲ್ಲ, ಅದನ್ನು ಮಳವಳ್ಳಿ ಸುತ್ತಮುತ್ತ ಹಾಡಿದಾಗ ಕೇಳಬೇಕು. ಹಲಗೂರು ಅಲ್ಲೇ ಇದೆ. ಕೇಳುವವರಿಗೆ ದಾರಿ ಗೊತ್ತು, ಹೊಲ ಗೊತ್ತು. ಸಿದ್ದಪ್ಪಾಜಿ ನಡೆದು ಹೋಗುವುದೇ ಅರ್ಧ ಗಂಟೆ ಆಗುತ್ತದೆ. ಬೆಂಗಳೂರಿನ ವೇದಿಕೆಯಲ್ಲಿ ಅವರೇ ಅದನ್ನು ಎರಡು ಸಾಲಿನಲ್ಲಿ ದಾಟಿಸುತ್ತಾರೆ. ಬೇಸರದಿಂದ ಅಲ್ಲ. ಕೂತವರಿಗೆ ಅಲ್ಲಿ ನಡೆಯಲು ದಾರಿ ಇಲ್ಲ ಅಂತ ಅವರಿಗೆ ತಿಳಿದಿರುತ್ತದೆ.

ಹಾಗಾಗಿ ಇಂಥ ಕಥೆ ಕೇಳಬೇಕಾದರೆ ಅದರ ಜಾಗಕ್ಕೆ, ಅದರ ಹೊತ್ತಿಗೆ ಹೋಗಬೇಕು. ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆ ಜನವರಿಯ ಹುಣ್ಣಿಮೆಯ ಸುಮಾರಿಗೆ ಐದು ದಿನ ನಡೆಯುತ್ತದೆ. ಮೊದಲ ರಾತ್ರಿ ಚಂದ್ರಮಂಡಲ ಅನ್ನುವ ಬಿದಿರಿನ ಕಟ್ಟು ಉರಿಯುವಾಗ ಫೋಟೊ ತೆಗೆಯಲು ಪತ್ರಿಕೆಯವರೆಲ್ಲ ಇರುತ್ತಾರೆ. ನನಗೆ ಬೇಕಾದದ್ದು ಅದರ ಆಮೇಲಿನದು. ಅಲ್ಲಲ್ಲಿ ಬಿಡಾರ ಹೂಡಿದ ಭಕ್ತ ಒಕ್ಕಲುಗಳ ಮಧ್ಯೆ ನೀಲಗಾರರು ಕೂತು ಹಾಡುವುದು, ಪಕ್ಕದ ಬಿಡಾರದವರು ಬಂದು ‘ನಮ್ಮ ಕಡೆ ಹಿಂಗಲ್ಲ’ ಅನ್ನುವುದು. ಒಂದೇ ಕಥೆಯ ಬೇರೆ ಬೇರೆ ದಾರಿಗಳು ಒಂದೇ ಬಯಲಲ್ಲಿ ಸಿಗುವುದು ಅಲ್ಲಿ.

ಬೀಸುವ ಪದಗಳದ್ದು ಇನ್ನೊಂದು ಥರದ ಪಾಡು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ರಾಗಿ ಕಲ್ಲು ಮೂಲೆ ಸೇರಿತು, ಕಲ್ಲಿನ ಜೊತೆಗೇ ಪದವೂ. ವಯಸ್ಸಾದವರನ್ನು ‘ಅಜ್ಜಿ, ಒಂದು ಪದ ಹೇಳಿ’ ಅಂದರೆ ಎರಡು ತ್ರಿಪದಿ ಬರುತ್ತದೆ, ಆಮೇಲೆ ‘ಮರೆತೋಯ್ತು ಮಗಳೇ’. ಒಮ್ಮೆ ಒಬ್ಬರ ಮನೆಯಲ್ಲಿ ಹಿತ್ತಲಿನಲ್ಲಿದ್ದ ಕಲ್ಲನ್ನು ತೊಳೆದು ತಂದು ನಡುಮನೆಯಲ್ಲಿ ಇಟ್ಟೆವು. ಗೂಟ ಸಡಿಲವಾಗಿತ್ತು, ಬಟ್ಟೆ ಸುತ್ತಿ ಗಟ್ಟಿ ಮಾಡಿದೆವು. ಹಿಡಿ ರಾಗಿ ಹಾಕಿದೆವು. ಎದುರಿಗೆ ಅವರ ವಾರಗಿತ್ತಿ ಕೂತು ಇನ್ನೊಂದು ಕೈ ಹಾಕಿದರು. ಮೊದಲು ಕಲ್ಲಿನ ಗರಗರ ಮಾತ್ರ. ಕೈ ಹದಕ್ಕೆ ಬಂದ ಮೇಲೆ ಬಾಯಿ ತಾನಾಗಿ ತೆರೆಯಿತು. ತವರು, ಅಣ್ಣ, ಬಾರದ ಮಳೆ, ತೊಟ್ಟಿಲು, ಒಂದರ ಹಿಂದೆ ಒಂದು. ಒಬ್ಬರು ಬಿಟ್ಟ ಸಾಲನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು. ಅವರಿಗೆ ಪದ ಮರೆತಿರಲಿಲ್ಲ. ಕೈಗೆ ಕಲ್ಲು ಬೇಕಿತ್ತು, ಎದುರಿಗೆ ಜೊತೆಗಾತಿ ಬೇಕಿತ್ತು. ಮೊಮ್ಮಗಳು ಮೊಬೈಲ್ ಹಿಡಿದು ನೋಡುತ್ತಿದ್ದಳು, ಆಮೇಲೆ ಅದನ್ನು ಕೆಳಗಿಟ್ಟು ತಾನೂ ಗೂಟಕ್ಕೆ ಕೈ ಹಾಕಿದಳು.

ಈ ಕೆಲಸ ಮಾಡಲು ಬಯಸುವ ಹೊಸಬರು ನನ್ನನ್ನು ಮೊದಲು ಕೇಳುವುದು ಯಾವ ರೆಕಾರ್ಡರ್ ಅಂತ. ಯಾವುದಾದರೂ ಪರವಾಗಿಲ್ಲ, ಧ್ವನಿಯನ್ನು ಕುಗ್ಗಿಸದ ಡಬ್ಲ್ಯುಎವಿ ಫೈಲ್ ಬರುವಂಥದ್ದು ಇರಲಿ. ಎಂಪಿ3 ಮಾಡಿದರೆ ಧ್ವನಿಯ ಒಂದಷ್ಟು ಭಾಗ ಕತ್ತರಿಸಿ ಹೋಗುತ್ತದೆ, ಆಮೇಲೆ ವಾಪಸ್ ಬರುವುದಿಲ್ಲ. 48 ಕಿಲೋಹರ್ಟ್ಜ್, 24 ಬಿಟ್‌ನಲ್ಲಿ ಸ್ಟೀರಿಯೊ ರೆಕಾರ್ಡ್ ಮಾಡಿದರೆ ಗಂಟೆಗೆ ಸುಮಾರು 1 ಜಿಬಿ. ರಾತ್ರಿಯಿಡೀ ಹಾಡುವವರ ಹತ್ತಿರ ಹೋಗುವಾಗ ಕಾರ್ಡೂ ಬ್ಯಾಟರಿಯೂ ಲೆಕ್ಕ ಹಾಕಿಯೇ ಹೋಗಬೇಕು. ಮೈಕಿಗೆ ಗಾಳಿ ತಡೆಯುವ ಸ್ಪಂಜು ಹಾಕಿ. ಮನೆಗೆ ಬಂದ ಕೂಡಲೇ ಮೂರು ಪ್ರತಿ. ಅದರಲ್ಲಿ ಒಂದು ಬೇರೆ ಊರಲ್ಲಿರಲಿ. ಫೈಲಿನ ಹೆಸರಿನಲ್ಲೇ ತಾರೀಕು, ಊರು, ಕಥೆ ಇರಲಿ. ಯಂತ್ರದ ವಿಷಯ ಇಷ್ಟು ಸಾಕು.

ಅದಕ್ಕಿಂತ ಮುಖ್ಯ ಮೊದಲ ಭೇಟಿ. ಮೊದಲ ಭೇಟಿಯಲ್ಲಿ ನಾನು ರೆಕಾರ್ಡರ್ ಚೀಲದಿಂದ ತೆಗೆಯುವುದೇ ಇಲ್ಲ. ಹೋಗುತ್ತೇನೆ, ಕೂರುತ್ತೇನೆ, ಅವರ ಗುರು ಯಾರು ಅಂತ ಕೇಳುತ್ತೇನೆ. ಹಾಡುವವರಿಗೆ ಗುರುವಿನ ಮಾತು ಬಂದರೆ ಸಾಕು, ಮುಖ ಅರಳುತ್ತದೆ. ಆಮೇಲೆ ನಿಧಾನಕ್ಕೆ ಉಳಿದದ್ದು. ಯಾವ ಭಾಗ ಯಾವಾಗ ಹಾಡಬಾರದು? ಯಾವುದನ್ನು ಮನೆಯೊಳಗೆ ಹಾಡುವುದಿಲ್ಲ? ಯಾವ ಭಾಗವನ್ನು ಈಗ ಬಿಟ್ಟಿದ್ದೀರಿ, ಯಾಕೆ ಬಿಟ್ಟಿರಿ? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಒಂದು ಊರಿನ ಚರಿತ್ರೆಯೇ ಇರುತ್ತದೆ. ಕೇಳುವವರು ಎದ್ದು ಹೋದರು ಅಂತ ಬಿಟ್ಟದ್ದು, ದೊಡ್ಡವರು ಬೇಡ ಅಂದರು ಅಂತ ಬಿಟ್ಟದ್ದು, ಸೊಲ್ಲು ಹಿಡಿಯುವ ತಮ್ಮ ತೀರಿಕೊಂಡ ಅಂತ ಬಿಟ್ಟದ್ದು.

ಹೊಲದ ಕೆಲಸ ಜೋರಾಗಿರುವಾಗ ಹೋಗುವುದಿಲ್ಲ. ಇವರಲ್ಲಿ ಹೆಚ್ಚಿನವರು ಕೂಲಿ ಮಾಡಿ ಬದುಕುವವರು. ಸುದ್ದಿಗೆ ದುಡ್ಡು ಕೊಡಬಾರದು ಅನ್ನುವುದು ಪತ್ರಿಕೋದ್ಯಮದ ಕಟ್ಟುಪಾಡು, ಅದನ್ನು ನಾನೂ ಗೌರವಿಸುತ್ತೇನೆ. ಆದರೆ ನನಗೋಸ್ಕರ ಒಂದು ದಿನದ ಕೂಲಿ ಬಿಟ್ಟು ಕೂತವರಿಗೆ ಆ ಕೂಲಿ ಸೇರಬೇಕು, ಹಿಮ್ಮೇಳದವರಿಗೂ ಸೇರಬೇಕು. ಇದರಲ್ಲಿ ನನಗೆ ಯಾವ ಗೊಂದಲವೂ ಇಲ್ಲ. ಅದು ಸುದ್ದಿಯ ಬೆಲೆ ಅಲ್ಲ, ಅವರ ದುಡಿಮೆಯದು.

ಒಪ್ಪಿಗೆಯನ್ನು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿ ತೆಗೆದುಕೊಳ್ಳುವುದಿಲ್ಲ. ರೆಕಾರ್ಡರ್ ಮುಂದೆಯೇ ಮಾತಾಡುತ್ತೇವೆ: ಇದನ್ನು ಪತ್ರಿಕೆಗೆ ಬರೆಯಬಹುದಾ, ಇಂಟರ್‌ನೆಟ್‌ಗೆ ಹಾಕಬಹುದಾ, ಬೇರೆಯವರು ಸಿನಿಮಾ ಹಾಡಿಗೆ ಕೇಳಿದರೆ ಏನು ಹೇಳಲಿ. ಅವರು ಅವರ ಮಾತಿನಲ್ಲೇ ಉತ್ತರ ಕೊಡುತ್ತಾರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಸೆಕ್ಷನ್‌ನಲ್ಲಿ ಪ್ರದರ್ಶನ ಕೊಡುವವರಿಗೂ ಹಕ್ಕಿದೆ, ಅದರ ಅವಧಿ 50 ವರ್ಷ. ಕಥೆ ಊರಿನದ್ದೇ ಇರಲಿ, ಹಾಡಿದ ಆ ಹಾಡಿಕೆ ಹಾಡಿದವರದು. ಇದನ್ನು ನಾನು ಪ್ರತಿಯೊಬ್ಬರಿಗೂ ಬಿಡಿಸಿ ಹೇಳುತ್ತೇನೆ. ಹಾಡುವವರಿಗೆ ಇದು ಗೊತ್ತಿದ್ದರೆ, ಧ್ವನಿ ಎತ್ತಿಕೊಂಡು ಹೋಗಿ ಹೆಸರನ್ನೂ ಹಾಕದೆ ಬಳಸುವವರ ಮುಂದೆ ನಿಂತು ಮಾತಾಡುವ ಧೈರ್ಯ ಬರುತ್ತದೆ. ಕೆಲವು ಪದಗಳನ್ನು ಹೊರಗೆ ಬಿಡಬೇಡಿ ಅಂತಾರೆ. ಅಂಥ ಫೈಲ್‌ಗಳ ಮೇಲೆ ‘ಊರಿಗೆ ಮಾತ್ರ’ ಅಂತ ಬರೆದಿಡುತ್ತೇನೆ. ಎಷ್ಟೇ ಒಳ್ಳೆಯದಿದ್ದರೂ ಅವು ಲೇಖನಕ್ಕೆ ಬರುವುದಿಲ್ಲ.

ಬರೆಯುವಾಗಿನ ಜಗಳಗಳದ್ದೇ ಒಂದು ಅಧ್ಯಾಯ. ‘ಅಳಿವಿನಂಚಿನಲ್ಲಿರುವ ಕಲೆ’ ಅನ್ನುವ ಶೀರ್ಷಿಕೆಯನ್ನು ನಾನು ಎಷ್ಟೋ ಸಲ ಬೇಡ ಅಂತ ಹಟ ಹಿಡಿದು ತೆಗೆಸಿದ್ದೇನೆ. ಆ ಲೇಖನವನ್ನು ಊರಿನ ಟೀ ಅಂಗಡಿಯಲ್ಲಿ ಹಾಡುವವರ ಮೊಮ್ಮಗ ಓದುತ್ತಾನೆ. ನಿಮ್ಮ ತಾತನದ್ದು ಸಾಯುತ್ತಿರುವ ವಿದ್ಯೆ ಅಂತ ನಾವೇ ಅಚ್ಚು ಹಾಕಿದರೆ ಆ ಹುಡುಗ ತಂಬೂರಿ ಮುಟ್ಟುತ್ತಾನಾ? ಬಡತನದ ಗೋಳನ್ನೇ ಬರೆದು ಕಣ್ಣೀರು ಹಾಕಿಸುವ ಬರಹವೂ ನನಗೆ ಒಗ್ಗುವುದಿಲ್ಲ. ಬಡತನ ಇದೆ, ಪಿಂಚಣಿಗೆ ಅಲೆದಾಟ ಇದೆ. ಅದನ್ನು ಸುದ್ದಿಯಾಗಿ ಬೇರೆಯೇ ಬರೆಯುತ್ತೇನೆ, ಇಲಾಖೆಗೆ ತಲುಪುವಂತೆ. ಕಲೆಯ ಬಗ್ಗೆ ಬರೆಯುವಾಗ ಕಲೆಯ ಬಗ್ಗೆಯೇ ಬರೆಯಬೇಕು. ಹಾಡುವವರ ಬುದ್ಧಿ, ನೆನಪು, ಸಾಲು ಕಟ್ಟುವ ಚಾಕಚಕ್ಯತೆ ಓದುಗರಿಗೆ ಕಾಣಬೇಕು.

ಇನ್ನೊಂದು ಕಡೆ ನಾನು ಬಗ್ಗದೆ ನಿಲ್ಲುವುದು ಕಥೆಯನ್ನು ‘ಶುದ್ಧ’ ಮಾಡುವ ವಿಷಯದಲ್ಲಿ. ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಬರುವ ಭಾಗದಲ್ಲಿ ಸತ್ತ ಕರುವನ್ನು ಹೊತ್ತು, ಮೈಯೆಲ್ಲ ಹೊಲಸಾಗಿ, ಕೀಳು ಅಂತ ಜನ ದೂರ ಇಟ್ಟವರ ವೇಷದಲ್ಲಿ ಬಾಗಿಲಲ್ಲಿ ನಿಲ್ಲುತ್ತಾರೆ. ಶರಣರು ನಿಜವಾಗಿ ಎಷ್ಟು ಶರಣರು ಅಂತ ನೋಡುವುದಕ್ಕೆ. ಈ ಚಿತ್ರವನ್ನು ಸ್ವಲ್ಪ ಮೆತ್ತಗೆ ಮಾಡಿ ಬರೆಯಿರಿ ಅಂತ ನನಗೆ ಹೇಳಿದವರಿದ್ದಾರೆ. ಮೆತ್ತಗೆ ಮಾಡಿದರೆ ಉಳಿಯುವುದೇನು? ಈ ಕಥೆಗಳನ್ನು ಕಾಪಾಡಿಕೊಂಡು ಬಂದವರಲ್ಲಿ ಬಹಳ ಮಂದಿ ಊರಾಚೆಗೆ ನಿಲ್ಲಿಸಲ್ಪಟ್ಟವರು. ಅವರ ಪ್ರಶ್ನೆ ಆ ಬಾಗಿಲಲ್ಲೇ ಇದೆ. ಅದನ್ನು ತೆಗೆದು ಕಥೆ ಉಳಿಸಿದೆ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಉತ್ತರ ಕನ್ನಡದಲ್ಲಿ ಆಫ್ರಿಕಾ ಮೂಲದ ಸಿದ್ದಿಗಳ ನಡುವೆ ಓಡಾಡಿದಾಗ ಇದೇ ಮಾತು ಬೇರೆ ರೀತಿಯಲ್ಲಿ ಎದುರಾಯಿತು. ಯಲ್ಲಾಪುರ, ಹಳಿಯಾಳಕ್ಕೆ ಹೋಗುವ ಪತ್ರಕರ್ತರು ಮೊದಲು ಕೇಳುವುದು ಆಫ್ರಿಕಾದ ಬಗ್ಗೆ, ಆಮೇಲೆ ಡಮಾಮಿ ಡೋಲು ಬಾರಿಸಿ ಕುಣಿಯಿರಿ ಅಂತ. ಅಲ್ಲಿಯವರಿಗೆ ಹೇಳಬೇಕಾದದ್ದು ಕಾಡಿನ ಬದುಕಿನ ಕಥೆ, ಜಮೀನಿನ ಕಥೆ, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರುವ ತನಕ ಪಟ್ಟ ಪಾಡಿನ ಕಥೆ. ಯಾವ ಕಥೆ ಮೊದಲು ಅನ್ನುವುದನ್ನು ಹೇಳುವವರಿಗೇ ಬಿಡುವುದು ನನ್ನ ರೂಢಿ. ಸುಮ್ನೆ ಕೂತರೆ ಸಾಕು, ಅವರೇ ಶುರು ಮಾಡುತ್ತಾರೆ.

ಕೇಳುವವರ ವಿಷಯದಲ್ಲಿ ಹೆಳವರಷ್ಟು ಕಲಿಸಿದವರು ಬೇರೆ ಇಲ್ಲ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಎತ್ತಿನ ಮೇಲೆ ಕೂತು ಮನೆ ಮುಂದೆ ಬಂದು ಆ ಮನೆತನದ ವಂಶಾವಳಿ ಹೇಳುವವರು ಇವರು. ಒಂದೊಂದು ಹೆಳವರ ಮನೆಗೆ ಇಂತಿಂಥ ಊರಿನ ಒಕ್ಕಲು ಅಂತ ಹಂಚಿಕೆ ಇರುತ್ತದೆ. ಬಂದು ನಿಂತು ಮುತ್ತ್ಯಾನ ಮುತ್ತ್ಯಾನಿಂದ ಹಿಡಿದು ಹೆಸರು ಹೇಳುತ್ತಾ ಬರುತ್ತಾರೆ. ಯಾರಿಗೆ ಎಷ್ಟು ಮಕ್ಕಳು, ಯಾರು ಯಾವ ಊರಿಂದ ಎದ್ದು ಬಂದರು, ಯಾರ ಮನೆಗೆ ದತ್ತು ಹೋದರು. ಕೊನೆಗೆ ಈಗಿನ ಮನೆಯವರ ಕಡೆ ತಿರುಗಿ ‘ಮುಂದ ಹೇಳ್ರಿ, ಯಾರ‍್ಯಾರು ಹುಟ್ಯಾರು?’ ಅಂತ ಕೇಳುತ್ತಾರೆ. ಹೊಸ ಹೆಸರು ಸೇರಿಸಿಕೊಳ್ಳುತ್ತಾರೆ. ಕಾಳು, ಬಟ್ಟೆ, ದುಡ್ಡು ಪಡೆದು ಮುಂದಿನ ಮನೆ. ಅವರು ಹೇಳುವ ಕಥೆಯ ಕೊನೆಯ ಭಾಗ ಕೇಳುವವರ ಹತ್ತಿರವೇ ಇರುತ್ತದೆ. ಮನೆಯವರು ಪುಣೆಗೋ ಬೆಂಗಳೂರಿಗೋ ಹೋಗಿ ಬಾಗಿಲಿಗೆ ಬೀಗ ಬಿದ್ದರೆ, ಆ ಮನೆತನದ ಕಥೆ ಅಲ್ಲಿಗೇ ನಿಲ್ಲುತ್ತದೆ. ಒಬ್ಬ ಹೆಳವರು ಬೀಗ ಬಿದ್ದ ಮನೆಯವರ ಫೋನ್ ನಂಬರ್ ಪಕ್ಕದ ಮನೆಯಲ್ಲಿ ಇಸಿದುಕೊಂಡು, ಕಟ್ಟೆಯ ಮೇಲೆ ಕೂತು, ಸ್ಪೀಕರ್ ಹಾಕಿ ಇಡೀ ವಂಶಾವಳಿ ಹೇಳಿದ್ದನ್ನು ನಾನು ನೋಡಿದ್ದೇನೆ. ಆ ಕಡೆಯಿಂದ ಮೊದಲು ‘ಯಾರ್ರೀ ನೀವು?’ ಅಂತ ಬಿರುಸು ಧ್ವನಿ. ಅಜ್ಜನ ಹೆಸರು ಬರುವ ಹೊತ್ತಿಗೆ ಮೌನ. ಆಮೇಲೆ ‘ನಿಂದರ‍್ರಿ, ನಮ್ಮವ್ವನ್ನ ಕರೀತೀನಿ’. ಅವ್ವ ಬಂದರು, ಎರಡು ಹೆಸರು ತಿದ್ದಿದರು, ಮೂರು ಹೊಸ ಹೆಸರು ಬರೆಸಿದರು. ಹೆಳವರ ಬಗ್ಗೆ ನಾನು ಬರೆದದ್ದರಲ್ಲಿ ನನಗೆ ತೀರಾ ಹತ್ತಿರವಾದದ್ದು ಈ ಫೋನ್ ಕರೆಯ ಬರಹ.

ಕೊಂಡುಹೋದದ್ದನ್ನು ವಾಪಸ್ ಕೊಡುವುದು ನನಗೆ ಬರೆಯುವಷ್ಟೇ ಮುಖ್ಯ. ಅಚ್ಚಾದ ಪತ್ರಿಕೆಯನ್ನು ಒಯ್ದು ಕೊಡುತ್ತೇನೆ, ಓದಿ ಹೇಳುತ್ತೇನೆ. ಓದು ಬಾರದವರಿಗೆ ತಮ್ಮ ಮಾತು ಅಚ್ಚಿನಲ್ಲಿ ಹೇಗಿದೆ ಅಂತ ಕೇಳುವ ಹಕ್ಕಿದೆ. ಧ್ವನಿ ಫೈಲನ್ನು ಮನೆಯವರ ಮೊಬೈಲಿನ ಮೆಮೊರಿ ಕಾರ್ಡಿಗೆ ಹಾಕಿಕೊಡುತ್ತೇನೆ. ಪೆನ್ ಡ್ರೈವ್ ಕೊಟ್ಟರೆ ಹಾಕಿ ಕೇಳಲು ಹೆಚ್ಚಿನ ಮನೆಗಳಲ್ಲಿ ಏನೂ ಇರುವುದಿಲ್ಲ. ಇನ್ನೊಂದು ಪ್ರತಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಗ್ರಂಥಾಲಯಕ್ಕೆ. ಅಲ್ಲಿನ ಕಂಪ್ಯೂಟರಿನಲ್ಲಿ ಮಕ್ಕಳು ಕೇಳುತ್ತಾರೆ. ಕೆಲವು ಕಡೆ ಮೇಲ್ವಿಚಾರಕರು ವಾರಕ್ಕೊಮ್ಮೆ ಹಾಕಿ ಕೇಳಿಸುತ್ತಾರೆ, ಹಾಡಿದವರನ್ನೇ ಕರೆಸಿ ಪಕ್ಕದಲ್ಲಿ ಕೂರಿಸುತ್ತಾರೆ. ಯಂತ್ರದಲ್ಲಿ ಬರುವ ತಮ್ಮ ಹಾಡನ್ನು ತಡೆದು ‘ಇಲ್ಲಿ ಇನ್ನೂ ಐತೆ’ ಅಂತ ಅವರು ಎದ್ದು ನಿಂತರೆ ನನ್ನ ಕೆಲಸ ಸಾರ್ಥಕ. ಮಕ್ಕಳಿಗೆ ನಾನು ಕಲಿಸಲು ಪ್ರಯತ್ನಿಸುವುದು ಹಾಡುವುದನ್ನಲ್ಲ. ಅದನ್ನು ಕಲಿಸುವ ಗುರುಗಳು ಬೇರೆ ಇದ್ದಾರೆ. ಕೂತು ಕೇಳುವುದು, ಮಧ್ಯೆ ಪ್ರಶ್ನೆ ಹಾಕುವುದು, ಬಿಟ್ಟದ್ದನ್ನು ನೆನಪಿಸುವುದು ಇಷ್ಟನ್ನು ಕಲಿತರೆ ಹಾಡುವವರು ಉಳಿದುಕೊಳ್ಳುತ್ತಾರೆ.

ಈಗ ಹೆಚ್ಚು ಹೊತ್ತು ಹೋಗುತ್ತಿರುವುದು ಹಳೆಯ ಕ್ಯಾಸೆಟ್‌ಗಳ ಮೇಲೆ. ಟೇಪ್ ರೆಕಾರ್ಡರ್ ಇದ್ದ ಕಾಲದಲ್ಲಿ ಹಬ್ಬ, ತಿಥಿ, ಜಾತ್ರೆಗಳಲ್ಲಿ ಜನ ತಾವೇ ರೆಕಾರ್ಡ್ ಮಾಡಿಟ್ಟವು. ಅಟ್ಟದ ಮೇಲೆ, ಟ್ರಂಕಿನೊಳಗೆ ಇರುತ್ತವೆ. 90 ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ 45 ನಿಮಿಷ. ಸಂಕಮ್ಮ ಅಳುತ್ತಿರುವಾಗಲೇ ಬದಿ ಮುಗಿದುಹೋಗಿರುತ್ತದೆ. ಇವನ್ನು ಕಂಪ್ಯೂಟರಿಗೆ ಇಳಿಸುವ ಮುಂಚೆ ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಬೇಕು. ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ ಸಡಿಲ ಮಾಡಬೇಕು. ಬೂಸ್ಟು ಹಿಡಿದದ್ದನ್ನು ಯಂತ್ರಕ್ಕೆ ಹಾಕಬಾರದು, ಅದನ್ನು ತಿಳಿದವರಿಗೇ ಒಪ್ಪಿಸಬೇಕು.

ಕಷ್ಟದ್ದು ಆಮೇಲೆ ಬರುತ್ತದೆ. ಎಷ್ಟೋ ಕ್ಯಾಸೆಟ್‌ಗಳ ಚೀಟಿ ಕಿತ್ತುಹೋಗಿದೆ. ಹಾಡಿದವರು ಯಾರು, ಯಾವ ಊರು, ಏನೂ ಗೊತ್ತಿಲ್ಲ. ಅಂಥವನ್ನು ಫೋನಿಗೆ ಹಾಕಿಕೊಂಡು ಹಿರಿಯ ಕೇಳುಗರ ಹತ್ತಿರ ಹೋಗುತ್ತೇನೆ. ಯಾವ ಊರಿನಲ್ಲಿ ಯಾರಿಗೆ ಯಾವ ಕಥೆ ಪೂರ್ತಿ ಗೊತ್ತು ಅಂತ ಒಂದು ಪಟ್ಟಿ ಇಟ್ಟಿದ್ದೇನೆ. ಅದರಲ್ಲಿ ಹಾಡುವವರಿಗಿಂತ ಕೇಳುವವರ ಹೆಸರೇ ಜಾಸ್ತಿ. ಎರಡು ಸೊಲ್ಲು ಕೇಳುತ್ತಲೇ ‘ಇದು ಇಂಥ ಊರಿನವರ ದನಿ’ ಅನ್ನುವವರು ಆ ಪಟ್ಟಿಯಲ್ಲಿದ್ದಾರೆ. ಸದ್ಯ ಒಂದು ಕ್ಯಾಸೆಟ್ ಕಾಡುತ್ತಿದೆ. ಮಾದಪ್ಪನ ಕಥೆಯ ಬೇವಿನಹಟ್ಟಿ ಕಾಳಮ್ಮನ ಸಾಲು ಅದರಲ್ಲಿದೆ, ತುಂಬಾ ಗಟ್ಟಿ ಗಂಟಲು, ಹಿಂದೆ ಒಬ್ಬ ಹೆಣ್ಣುಮಗಳು ನಡುನಡುವೆ ಹೂಂಗುಡುತ್ತಾಳೆ. ಹನೂರಿನವರು ಇದು ಕೊಳ್ಳೇಗಾಲದ ಕಡೆಯ ದನಿ ಅನ್ನುತ್ತಾರೆ, ಕೊಳ್ಳೇಗಾಲದವರು ಅಲ್ಲ ಅನ್ನುತ್ತಾರೆ. ದೀಪಾವಳಿ ಜಾತ್ರೆಗೆ ಮಾದಪ್ಪನ ಬೆಟ್ಟಕ್ಕೆ ಎಲ್ಲ ಸೀಮೆಯ ಗುಡ್ಡರೂ, ಅಂದರೆ ಕಂಸಾಳೆ ಹಾಡುವ ದೇವರಗುಡ್ಡರೂ, ಬರುತ್ತಾರೆ. ಸ್ಪೀಕರ್ ಒಯ್ದು ಅಲ್ಲಿ ಹಾಕಿ ಕೇಳಿಸುವುದು ಅಂತ ಮಾಡಿದ್ದೇನೆ. ಹಾಡಿದವರ ಗುರುತು ಹಿಡಿಯುವವರು ಸಿಗದಿದ್ದರೂ, ಹೂಂಗುಡುವ ಆ ಹೆಣ್ಣುಮಗಳ ಗುರುತು ಯಾರಾದರೂ ಹಿಡಿಯಬಹುದು.